ತಗ್ಗಿಸಿದ ಕಾರು, ತಪ್ಪಿದ ಗಾಲಿ



ನಮ್ಮ ಈ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆ. ಉಳಿದವುಗಳಲ್ಲಿ ಊರಿನ ನೆನಪು, ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂಬ ಚಿಂತೆ. ಈ ಸಲ ಕಾಕ್ಕನಾಡಿನಿಂದ ಬಂದ ಪತ್ರವೊಂದು ಮಾತ್ರ ಗ್ರೀಸಿನ ವಾಸನೆಯದು. ಬರೆದವರು ಪುತ್ತೂರಿನ ಕಡೆಯವರು. ಕೆಲಸ ಇನ್ಫೋಪಾರ್ಕಿನಲ್ಲಿ, ಮನೆಯವರ ಕೆಲಸ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಹಾಗಾಗಿ ವಾರಕ್ಕೊಮ್ಮೆ ಕಾರಿನಲ್ಲಿ ಹೋಗಿಬರುತ್ತಾರೆ. ಚೆಂದ ಕಾಣಲೆಂದು ತಮ್ಮ ಸ್ವಿಫ್ಟ್ ಕಾರನ್ನು ಕಳೆದ ವರ್ಷ 40 ಮಿಲಿಮೀಟರ್ ತಗ್ಗಿಸಿದರಂತೆ. ಹೊಸ ಟಯರು ಹಾಕಿಸಿ ಎಂಟು ತಿಂಗಳಾಗಿಲ್ಲ, ಮುಂದಿನ ಎರಡೂ ಟಯರುಗಳ ಒಳ ಅಂಚು ದಾರ ಕಾಣುವಷ್ಟು ಸವೆದಿದೆ. ಮೂರು ಕಡೆ ವೀಲ್ ಅಲೈನ್‌ಮೆಂಟ್ ಮಾಡಿಸಿದರು. ಮೂರು ಕಡೆಯೂ ಪರದೆಯ ಮೇಲೆ ಹಸಿರು ಬಣ್ಣ ಬಂತು, ‘ಎಲ್ಲಾ ಓಕೆ’ ಅಂದರು, ದುಡ್ಡು ತೆಗೆದುಕೊಂಡರು. ‘ಯಂತ್ರ ಸರಿ ಅನ್ನುತ್ತದೆ, ಟಯರು ತಪ್ಪು ಅನ್ನುತ್ತದೆ, ನಾನು ಯಾರನ್ನು ನಂಬಲಿ?’ ಎಂದು ಕೇಳಿದ್ದಾರೆ.

ಟಯರನ್ನು ನಂಬಿ. ಯಂತ್ರ ನೋಡುವುದು ನಿಂತ ಕಾರನ್ನು, ಟಯರು ನೋಡುವುದು ಓಡುವ ಕಾರನ್ನು. ಇವೆರಡರ ನಡುವಿನ ವ್ಯತ್ಯಾಸವೇ ಇವತ್ತಿನ ಮಾತು.

ಮೊದಲು ಒಂದು ಎಚ್ಚರಿಕೆ, ಯಾಕೆಂದರೆ ಇದು ಬರೀ ದುಡ್ಡಿನ ಪ್ರಶ್ನೆಯಲ್ಲ. ಒಳ ಅಂಚು ಸವೆದ ಟಯರು ಮೋಸಗಾರ. ಕಾರಿನ ಪಕ್ಕ ನಿಂತು ನೋಡಿದರೆ ಹೊರ ಅಂಚಿನ ಗೆರೆಗಳೆಲ್ಲ ಹೊಸದರಂತೆ ಆಳವಾಗಿ ಕಾಣುತ್ತವೆ. ಒಳಗಡೆ ಬೋಳು. ನಮ್ಮ ಕಾನೂನಿನ ಪ್ರಕಾರ ಕಾರಿನ ಟಯರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ಆ ಗೆರೆಗಳಿರುವುದು ಅಲಂಕಾರಕ್ಕಲ್ಲ, ನೀರನ್ನು ಹೊರಗೆ ತಳ್ಳುವುದಕ್ಕೆ. ಇಡವಪ್ಪಾದಿ ಮಳೆ ಸುರಿಯುವಾಗ ಆಲಪ್ಪುಳದ ಕಡೆ ರಸ್ತೆಯ ಮೇಲೆ ಒಂದು ಬೆರಳು ನೀರು ನಿಂತಿರುತ್ತದೆ. 80ರ ವೇಗದಲ್ಲಿ ಹೋಗುವಾಗ ಬೋಳು ಭಾಗ ನೀರಿನ ಮೇಲೆ ತೇಲತೊಡಗಿದರೆ ಸ್ಟೇರಿಂಗ್ ಕೈಗೆ ಹಗುರಾಗುತ್ತದೆ, ಬ್ರೇಕಿಗೆ ಅರ್ಥವಿರುವುದಿಲ್ಲ. ಆದ್ದರಿಂದ ನಿಮ್ಮ ಕಾರು ತಗ್ಗಿಸಿದ್ದೇ ಆಗಿದ್ದರೆ ಈ ಪುಟ ಮುಗಿಸಿ ಒಮ್ಮೆ ಕೆಳಗಿಳಿದು ಹೋಗಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಟಯರಿನ ಒಳಮುಖ ನೋಡಿ. ಅಂಗೈಯನ್ನು ಟಯರಿನ ಅಡ್ಡಕ್ಕೆ ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ತಪ್ಪಿದೆ. ಹಲ್ಲಿಲ್ಲದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರಿನ ಮೇಲೆ ಸಂಶಯ ಪಡಿ. ಎರಡೂ ಇದ್ದರೆ ಎರಡೂ.

ಈ ಟೋ, ಕ್ಯಾಂಬರ್ ಎಂದರೇನು? ನೀವು ನೆಟ್ಟಗೆ ನಿಂತು ನಿಮ್ಮ ಪಾದಗಳನ್ನು ನೋಡಿಕೊಳ್ಳಿ. ಎರಡೂ ಪಾದಗಳ ಬೆರಳು ಒಳಗೆ ತಿರುಗಿದ್ದರೆ ಟೋ ಇನ್, ಹೊರಗೆ ತಿರುಗಿದ್ದರೆ ಟೋ ಔಟ್. ಮುಂದಿನ ಎರಡು ಗಾಲಿಗಳೂ ಹಾಗೆಯೇ. ಕ್ಯಾಂಬರ್ ಎಂದರೆ ಗಾಲಿಯನ್ನು ಎದುರಿನಿಂದ ನೋಡಿದಾಗ ಅದು ನೆಟ್ಟಗಿದೆಯೋ ವಾಲಿದೆಯೋ ಎಂಬುದು. ತಲೆ ಕಾರಿನ ಕಡೆ ವಾಲಿದರೆ ನೆಗೆಟಿವ್, ಹೊರಕ್ಕೆ ವಾಲಿದರೆ ಪಾಸಿಟಿವ್. ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಓರೆಯಾಗಿರುತ್ತದಲ್ಲ, ಆ ಓರೆ. ಕೈಬಿಟ್ಟರೂ ಸೈಕಲ್ಲು ನೇರ ಓಡಲು ಅದೂ ಒಂದು ಕಾರಣ. ಕಾರು ತಗ್ಗಿಸಿದಾಗ ಕ್ಯಾಸ್ಟರ್ ಅಷ್ಟಾಗಿ ಬದಲಾಗುವುದಿಲ್ಲ. ಮುಂದೆ ಹಿಂದೆ ಒಂದೇ ಸಮ ತಗ್ಗಿಸದೆ ಮುಂಭಾಗವನ್ನೇ ಹೆಚ್ಚು ಕುಗ್ಗಿಸಿದರೆ ಮಾತ್ರ ಅದೂ ಕೆಡುತ್ತದೆ. ಅದನ್ನು ಅಲ್ಲಿಗೇ ಬಿಡೋಣ.

ಈಗ ತಗ್ಗಿಸುವ ವಿಚಾರ. ನಮ್ಮ ಬೀದಿಗಳಲ್ಲಿ ಓಡುವ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿ ಬಂದು ಆಮೇಲೆ ಜಗತ್ತನ್ನೇ ಆವರಿಸಿತು. ಅಗ್ಗ, ಸರಳ, ಜಾಗ ಕಡಿಮೆ ಸಾಕು. ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ, ಕೆಳಗೆ ಅಡ್ಡಕ್ಕೆ ಒಂದು ಲೋಯರ್ ಆರ್ಮ್. ಅಷ್ಟೇ. ಕಂಪನಿಯಿಂದ ಬಂದ ಎತ್ತರದಲ್ಲಿ ಆ ಆರ್ಮ್ ಕಾರಿನ ಮಧ್ಯದಿಂದ ಗಾಲಿಯ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ, ಗುಡಿಸಲಿನ ಮಾಡಿನ ಹಾಗೆ. ಕಾರಿನ ಮೈ ಕೆಳಗಿಳಿದಾಗ ಆ ಇಳಿಜಾರು ಕಡಿಮೆಯಾಗಿ ಆರ್ಮ್ ಅಡ್ಡಡ್ಡ ಬರುತ್ತದೆ. ಆಗ ಅದು ಗಾಲಿಯ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಬುಡ ಹೊರಗೆ ಹೋದರೆ ತಲೆ ಒಳಗೆ, ಅಂದರೆ ನೆಗೆಟಿವ್ ಕ್ಯಾಂಬರ್. 40 ಮಿಲಿಮೀಟರ್ ತಗ್ಗಿಸಿದರೆ ಸುಮಾರಾಗಿ ಅರ್ಧದಿಂದ ಒಂದು ಡಿಗ್ರಿ ಹೆಚ್ಚುತ್ತದೆ, ಕಾರಿನಿಂದ ಕಾರಿಗೆ ಬೇರೆ ಬೇರೆ.

ಇದರ ಜೊತೆಗೇ ಇನ್ನೊಂದು ಆಗುತ್ತದೆ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಟೈ ರಾಡ್ ಇದೆಯಲ್ಲ, ಅದೂ ಮೇಲಕ್ಕೆ ಓರೆಯಾಗುತ್ತದೆ. ಟೈ ರಾಡು ಮತ್ತು ಲೋಯರ್ ಆರ್ಮ್ ಎರಡೂ ಒಂದೇ ಉದ್ದ, ಒಂದೇ ಓರೆ ಇದ್ದಿದ್ದರೆ ಎರಡೂ ಒಟ್ಟಿಗೆ ತಿರುಗುತ್ತಿದ್ದವು, ತೊಂದರೆಯಿರಲಿಲ್ಲ. ಕಂಪನಿಯವರು ತಾವು ಕೊಟ್ಟ ಎತ್ತರದ ಆಸುಪಾಸಿನಲ್ಲಿ ಇವೆರಡರ ನಡುವೆ ಹೊಂದಾಣಿಕೆ ಮಾಡಿರುತ್ತಾರೆ. ನಾವು ಆ ಎತ್ತರ ಬಿಟ್ಟು ಕೆಳಗಿಳಿದ ಕೂಡಲೇ ಹೊಂದಾಣಿಕೆ ತಪ್ಪುತ್ತದೆ, ಗಾಲಿ ತಿರುಗಿಕೊಳ್ಳುತ್ತದೆ. ಟೋ ಕೆಟ್ಟಿತು.

ಜನ ಕ್ಯಾಂಬರನ್ನು ಬೈಯುತ್ತಾರೆ, ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. ನಿಜವಾದ ಟಯರುಬಾಕ ಟೋ. ಒಂದು ಲೆಕ್ಕ ಮಾಡೋಣ. 14 ಇಂಚಿನ ರಿಮ್ಮಿನ ಹೊರ ಅಂಚಿನಿಂದ ಅಂಚಿಗೆ ಸುಮಾರು 38 ಸೆಂಟಿಮೀಟರ್. ಎರಡು ಗಾಲಿಗಳ ಮುಂದಿನ ಅಂತರಕ್ಕೂ ಹಿಂದಿನ ಅಂತರಕ್ಕೂ 3 ಮಿಲಿಮೀಟರ್ ವ್ಯತ್ಯಾಸವಿದೆ ಎನ್ನಿ. ಒಂದೊಂದು ಗಾಲಿಯ ಪಾಲಿಗೆ ಒಂದೂವರೆ. 380ಕ್ಕೆ ಒಂದೂವರೆ ಎಂದರೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 4 ಮೀಟರ್. ಅಂದರೆ ಕಾರು ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಪ್ರತಿ ಮುಂಗಾಲಿಯೂ 4 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಎರ್ನಾಕುಲಂನಿಂದ ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರ್. ಅಷ್ಟು ದೂರಕ್ಕೆ 800 ಮೀಟರ್! ನಿಮ್ಮ ಟಯರನ್ನು ಹಗ್ಗ ಕಟ್ಟಿ ಎಂ.ಜಿ. ರೋಡಿನಲ್ಲಿ 800 ಮೀಟರ್ ಅಡ್ಡಡ್ಡ ಎಳೆದುಕೊಂಡು ಹೋದರೆ ಹೇಗೋ ಹಾಗೆ. ಹೋಗಿ ಬಂದರೆ ಅದರ ಎರಡರಷ್ಟು. ನೆಗೆಟಿವ್ ಕ್ಯಾಂಬರ್ ಇದ್ದಾಗ ಭಾರವೆಲ್ಲ ಒಳ ಅಂಚಿನ ಮೇಲೆ ಬೀಳುವುದರಿಂದ ಈ ಉಜ್ಜಾಟವೂ ಅಲ್ಲೇ ನಡೆಯುತ್ತದೆ. ಕ್ಯಾಂಬರ್ ಜಾಗ ತೋರಿಸುತ್ತದೆ, ಟೋ ಕತ್ತಿ ಆಡಿಸುತ್ತದೆ. ಕೋಟ್ಟಯಂ ಸುತ್ತಿನ ತೋಟಗಳಲ್ಲಿ ಬೆಳಗಿನ ಜಾವ ಎದ್ದು ರಬ್ಬರು ಹಾಲು ಇಳಿಸುವವರನ್ನು ನೋಡಿದ್ದೀರಿ, ನಮ್ಮ ಸುಳ್ಯ, ಪುತ್ತೂರಿನವರಿಗಂತೂ ಅದು ಮನೆಯ ಕೆಲಸ. ಅಷ್ಟು ಕಷ್ಟದ ಮಾಲನ್ನು ನಾವು ಹೀಗೆ ಡಾಂಬರಿಗೆ ತೇಯ್ದು ಬರುತ್ತೇವೆ.

ಹಾಗಿದ್ದರೆ ಯಂತ್ರ ಯಾಕೆ ಹಸಿರು ತೋರಿಸಿತು? ಕಾರಣ ಒಂದಲ್ಲ.

ಮೊದಲನೆಯದು ತೀರಾ ಸಣ್ಣದು, ಆದರೆ ದಿನಾ ನಡೆಯುವುದು. ಕಾರನ್ನು ಜಾಕ್ ಮೇಲೆ ಎತ್ತಿ ಇಳಿಸಿದ ತಕ್ಷಣ ಅದು ತನ್ನ ನಿಜವಾದ ಎತ್ತರಕ್ಕೆ ಬಂದಿರುವುದಿಲ್ಲ. ಗಾಲಿಗಳು ನೆಲವನ್ನು ಕಚ್ಚಿ ಹಿಡಿದುಕೊಂಡು ಕಾರನ್ನು ಸ್ವಲ್ಪ ಮೇಲೆಯೇ ನಿಲ್ಲಿಸಿರುತ್ತವೆ. ಮುಂದೆ ಹಿಂದೆ ತಳ್ಳಿ, ಬಾನೆಟ್ಟನ್ನೂ ಡಿಕ್ಕಿಯನ್ನೂ ಅದುಮಿ ಬಿಟ್ಟರೆ ಕೂರುತ್ತದೆ. ಅವಸರದಲ್ಲಿ ಇದನ್ನು ಬಿಟ್ಟರೆ ಅಳತೆ ತೆಗೆದದ್ದು ಒಂದು ಎತ್ತರದಲ್ಲಿ, ನೀವು ಓಡಿಸುವುದು ಇನ್ನೊಂದು ಎತ್ತರದಲ್ಲಿ.

ಎರಡನೆಯದು ಬುಷ್. ಲೋಯರ್ ಆರ್ಮಿನ ಬುಷ್ ಎಂದರೆ ಎರಡು ಕಬ್ಬಿಣದ ಕೊಳವೆಗಳ ನಡುವೆ ಅಂಟಿಸಿದ ರಬ್ಬರು. ಸ್ಪ್ರಿಂಗ್ ಬದಲಿಸುವಾಗ ಆರ್ಮಿನ ಬೋಲ್ಟನ್ನು ಸಡಿಲಿಸಿದ್ದರೆ, ಅದನ್ನು ಮತ್ತೆ ಬಿಗಿ ಮಾಡಬೇಕಾದದ್ದು ಕಾರಿನ ಭಾರ ಗಾಲಿಯ ಮೇಲೆ ಬಿದ್ದಾಗ. ಎಷ್ಟೋ ಕಡೆ ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದು ಕೆಳಗಿಳಿಸುತ್ತಾರೆ. ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಇರುತ್ತದೆ, ಕಾರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಕೆಲವು ತಿಂಗಳಲ್ಲಿ ಹರಿಯುತ್ತದೆ. ಅಷ್ಟರಲ್ಲಿ ಕಾರು ಇನ್ನಷ್ಟು ಕೆಳಗಿಳಿದಿರುತ್ತದೆ, ಮಾಡಿಸಿದ ಅಲೈನ್‌ಮೆಂಟ್ ನೀರಿಗೆ ಹಾಕಿದ ಹುಣಸೆಹಣ್ಣು.

ಮೂರನೆಯದೇ ಮುಖ್ಯ. ನಿಂತ ಕಾರಿನಲ್ಲಿ ಟೋ ಎಷ್ಟೇ ಕರಾರುವಾಕ್ಕಾಗಿದ್ದರೂ, ಓಡುವಾಗ ಗಾಲಿ ಏಳುತ್ತದೆ, ಬೀಳುತ್ತದೆ. ಕಂಪನಿಯ ಎತ್ತರದಲ್ಲಿ ಗಾಲಿ ಎದ್ದು ಬಿದ್ದರೂ ಟೋ ಹೆಚ್ಚು ಅಲುಗುವುದಿಲ್ಲ, ಅಲ್ಲಿ ಟೈ ರಾಡು ಆರ್ಮು ಹೊಂದಿಕೊಂಡು ನಡೆಯುತ್ತವೆ. ತಗ್ಗಿಸಿದ ಎತ್ತರದಲ್ಲಿ ಹೊಂದಾಣಿಕೆ ಇಲ್ಲ. ಪ್ರತಿ ಉಬ್ಬಿಗೂ ಗಾಲಿ ತಾನೇ ತಾನಾಗಿ ಆ ಕಡೆ ಈ ಕಡೆ ತಿರುಗಿ ಬರುತ್ತದೆ. ನೀವು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದೀರಿ, ಗಾಲಿ ಮಾತ್ರ ಕುಣಿಯುತ್ತಿದೆ. ಇದಕ್ಕೆ ಬಂಪ್ ಸ್ಟಿಯರ್ ಎನ್ನುತ್ತಾರೆ. ಯಂತ್ರದ ಕ್ಯಾಮೆರಾಕ್ಕೆ ಇದು ಕಾಣುವುದೇ ಇಲ್ಲ. ರ‍್ಯಾಲಿ ಕಾರುಗಳಲ್ಲಿ ಟೈ ರಾಡಿನ ತುದಿಯನ್ನು ಎತ್ತರಿಸಿ ತಗ್ಗಿಸಿ ಸರಿಮಾಡುತ್ತಾರೆ, ಮನೆಯ ಕಾರಿಗೆ ಅದು ಆಗುವ ಹೋಗುವ ಮಾತಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟೇ: ಮೊದಲು ಎತ್ತರ ನಿಶ್ಚಯಿಸಿ, ಆಮೇಲೆ ಕೋನ. ಕೋನ ಸರಿಹೋಗದಿದ್ದರೆ ಬದಲಾಗಬೇಕಾದದ್ದು ಎತ್ತರವೇ.

ಸರಿ, ಈಗಾಗಲೇ ತಗ್ಗಿಸಿಯಾಗಿದೆ. ಏನು ಮಾಡಬೇಕು?

ಹೊಸ ಸ್ಪ್ರಿಂಗು ಹಾಕಿದ ದಿನವೇ ಕೊನೆಯ ಅಲೈನ್‌ಮೆಂಟ್ ಮಾಡಿಸಿಬಿಡಬೇಡಿ. ಓಡಿಸಲು ತಕ್ಕಷ್ಟು ಟೋ ಮಾತ್ರ ಸರಿಮಾಡಿಸಿ, ಎರಡು ಮುನ್ನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಸ್ಪ್ರಿಂಗು ಕೂರಲಿ. ಆಮೇಲೆ ಹೋಗುವಾಗ ಟಯರಿನ ಗಾಳಿ ನಾಲ್ಕಕ್ಕೂ ಸರಿಯಿರಲಿ, ಡಿಕ್ಕಿಯಲ್ಲಿ ಊರಿಂದ ತಂದ ಅಕ್ಕಿಮೂಟೆ, ತೆಂಗಿನಕಾಯಿ ಇದ್ದರೆ ಇಳಿಸಿ. ಸದಾ ನಾಲ್ಕು ಜನ ಕೂತೇ ಓಡುವ ಕಾರಾದರೆ ಅಷ್ಟು ಭಾರ ಇಟ್ಟೇ ಅಳತೆ ತೆಗೆಯಲು ಕೇಳಬಹುದು. ಯಂತ್ರ ಹಚ್ಚುವ ಮೊದಲು ಬಾಲ್‌ಜಾಯಿಂಟ್, ಟೈ ರಾಡ್ ಎಂಡ್, ಸ್ಟ್ರಟ್ಟಿನ ಮೇಲಿನ ಮೌಂಟಿಂಗ್, ಬುಷ್ ಇವುಗಳಲ್ಲಿ ಆಟ ಇದೆಯೇ ಎಂದು ಕೈಯಲ್ಲಿ ಅಲುಗಾಡಿಸಿ ನೋಡಲೇಬೇಕು. ಸಡಿಲ ಕೀಲಿನ ಕಾರಿಗೆ ಅಲೈನ್‌ಮೆಂಟ್ ಮಾಡುವುದು ಅಲುಗುವ ಮೇಜಿನ ಮೇಲೆ ಚಿನ್ನ ತೂಗಿದ ಹಾಗೆ.

ಕೆಲಸದ ಕ್ರಮ ಹೀಗೆ: ಮೊದಲು ಹಿಂದಿನ ಗಾಲಿಗಳು, ಯಾಕೆಂದರೆ ಕಾರು ಎತ್ತ ಕಡೆ ಹೋಗಬೇಕೆಂದು ಹೇಳುವುದು ಹಿಂದಿನ ಗಾಲಿಗಳು. ಆಮೇಲೆ ಮುಂದಿನ ಕ್ಯಾಂಬರ್. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಅದಕ್ಕೇ ಟೋ ಕಟ್ಟಕಡೆಗೆ, ಸ್ಟೇರಿಂಗನ್ನು ನೇರ ಕಟ್ಟಿ ನಿಲ್ಲಿಸಿ. ಇಲ್ಲಿಯೇ ಹೆಚ್ಚಿನ ಅಂಗಡಿಗಳು ಅಡ್ಡದಾರಿ ಹಿಡಿಯುವುದು. ಟೋ ಸರಿಮಾಡುವುದು ಹತ್ತು ನಿಮಿಷದ ಕೆಲಸ, ಟೈ ರಾಡಿನ ನಟ್ಟು ತಿರುಗಿಸಿದರೆ ಸಾಕು. ಕ್ಯಾಂಬರಿಗೆ ಗಾಲಿ ಬಿಚ್ಚಬೇಕು, ಹಾಗಾಗಿ ‘ಈ ಕಾರಿಗೆ ಕ್ಯಾಂಬರ್ ಅಡ್ಜಸ್ಟ್‌ಮೆಂಟ್ ಇಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಮಾತು ಅರ್ಧ ನಿಜ. ಕಂಪನಿ ಕೊಟ್ಟಿಲ್ಲ, ಆದರೆ ಮಾಡಲು ಬರುತ್ತದೆ. ನೀವು ನಿಮ್ಮ ಮುರುಕು ಮಲಯಾಳದಲ್ಲೇ ‘ಚೇಟ್ಟಾ, ಕ್ಯಾಂಬರ್ ಕೂಡಿ ನೋಕ್ಕಣಂ, ರಂಡು ಪ್ರಿಂಟುಂ ವೇಣಂ’ ಎನ್ನಿ. ಕ್ಯಾಂಬರನ್ನೂ ನೋಡಬೇಕು, ಮೊದಲಿನದು ನಂತರದ್ದು ಎರಡೂ ಪ್ರಿಂಟು ಬೇಕು ಎಂದು. ತಿಳಿದವರು ಬಂದಿದ್ದಾರೆ ಎಂದು ಗೊತ್ತಾದರೆ ಕೆಲಸದ ಧಾಟಿಯೇ ಬದಲಾಗುತ್ತದೆ.

ಆ ಪ್ರಿಂಟು ಓದುವಾಗ ಒಂದು ಎಡವಟ್ಟಿದೆ. ಕೆಲವು ಯಂತ್ರಗಳು ಡಿಗ್ರಿಯನ್ನು ದಶಮಾಂಶದಲ್ಲಿ ತೋರಿಸುತ್ತವೆ, ಕೆಲವು ಡಿಗ್ರಿ ಮತ್ತು ಮಿನಿಟಿನಲ್ಲಿ. ಮೈನಸ್ 1 ಡಿಗ್ರಿ 30 ಮಿನಿಟು ಎಂದರೆ ಒಂದೂವರೆ ಡಿಗ್ರಿ, ಒಂದು ಪಾಯಿಂಟ್ ಮೂರು ಅಲ್ಲ. ಯಾವ ಲೆಕ್ಕದಲ್ಲಿದೆ ಎಂದು ಕೇಳಿಕೊಳ್ಳಿ. ಇನ್ನು ಆ ಹಸಿರು ಬಣ್ಣ. ಅದು ಬರುವುದು ಯಂತ್ರದಲ್ಲಿ ಆಯ್ಕೆ ಮಾಡಿದ ಕಾರಿನ ಅಂಕಿಗಳ ಮೇಲೆ. ನಿಮ್ಮ ಕಾರಿನ ಬದಲು ಪಕ್ಕದ ಹೆಸರನ್ನು ಒತ್ತಿದ್ದರೂ ಹಸಿರು ಬರುತ್ತದೆ.

ಕ್ಯಾಂಬರ್ ಸರಿಪಡಿಸುವ ಮರ್ಯಾದಸ್ಥ ದಾರಿ ಕ್ಯಾಂಬರ್ ಬೋಲ್ಟ್. ಸ್ಟ್ರಟ್ಟನ್ನು ಗಾಲಿಯ ನಕಲ್ ಎಂಬ ಭಾಗಕ್ಕೆ ಹಿಡಿದಿರುವುದು ಸಾಮಾನ್ಯವಾಗಿ ಎರಡು ಬೋಲ್ಟು. ಅದರಲ್ಲಿ ಒಂದನ್ನು ತೆಗೆದು, ನಡುವಿನಲ್ಲಿ ಒಂದು ಬದಿಗೆ ಉಬ್ಬಿರುವ ಬೋಲ್ಟನ್ನು ಹಾಕುತ್ತಾರೆ. ಅದನ್ನು ತಿರುಗಿಸಿದಂತೆ ಗಾಲಿಯ ತಲೆ ಒಳಗೆ ಹೊರಗೆ ಬರುತ್ತದೆ. ಒಂದು ಡಿಗ್ರಿ, ಒಂದೂವರೆ ಡಿಗ್ರಿಯವರೆಗೆ ಸುಧಾರಿಸಬಹುದು. ನಿಮ್ಮ ಕಾರಿನ ಅಳತೆಯದ್ದೇ ಬೇಕು, ಟಾರ್ಕ್ ವ್ರೆಂಚಿನಲ್ಲಿ ಹೇಳಿದಷ್ಟೇ ಬಿಗಿಯಬೇಕು, 500 ಕಿಲೋಮೀಟರ್ ಕಳೆದು ಮತ್ತೊಮ್ಮೆ ನೋಡಬೇಕು. ಎರಡು ಗಾಲಿಗೂ ಒಂದೇ ಸಮ ಬರುವುದು ಮುಖ್ಯ. ಎಡಕ್ಕೊಂದು ಬಲಕ್ಕೊಂದು ಆದರೆ ಕಾರು ಒಂದು ಕಡೆ ಎಳೆಯುತ್ತದೆ. ಪೂರ್ತಿ ಸೊನ್ನೆಗೆ ತರಬೇಕೆಂಬ ಹಟವೂ ಬೇಡ. ಟೋ ಸರಿಯಿದ್ದರೆ ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ ಟಯರನ್ನು ಕೊಲ್ಲುವುದಿಲ್ಲ.

ಮರ್ಯಾದೆಗೆಟ್ಟ ದಾರಿಗಳೂ ಇವೆ. ಹೈಡ್ರಾಲಿಕ್ ಜಾಕ್ ಕೊಟ್ಟು ಸ್ಟ್ರಟ್ಟನ್ನೇ ಬಗ್ಗಿಸುವುದು ಒಂದು. ಗಾಲಿ ನೆಟ್ಟಗಾಗುತ್ತದೆ, ಹೌದು. ಆದರೆ ಒಳಗಿನ ಷಾಕ್ ರಾಡು ಓರೆಯಾಗಿ ಉಜ್ಜತೊಡಗುತ್ತದೆ, ಸೀಲು ಹೋಗಿ ಎಣ್ಣೆ ಸೋರುತ್ತದೆ. ಬೋಲ್ಟಿನ ತೂತನ್ನು ಅರದಿಂದ ಉದ್ದ ಮಾಡುವುದು ಇನ್ನೊಂದು. ಒಂದು ದಿನ ಗುಂಡಿಗೆ ಬಿದ್ದಾಗ ಬೋಲ್ಟು ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಂಪನಿಯ ಸ್ಪ್ರಿಂಗನ್ನೇ ಒಂದು ಒಂದೂವರೆ ಸುತ್ತು ಕತ್ತರಿಸಿ ಕಾರು ತಗ್ಗಿಸುವುದು. ಖರ್ಚಿಲ್ಲ, ಒಂದು ಮಧ್ಯಾಹ್ನದ ಕೆಲಸ. ಕತ್ತರಿಸಿದ ಸ್ಪ್ರಿಂಗು ಗಿಡ್ಡ. ಗಾಲಿ ಗುಂಡಿಯಲ್ಲಿ ಪೂರ್ತಿ ಕೆಳಗಿಳಿದಾಗ ಅದು ತನ್ನ ಕೂರುವ ಜಾಗ ಬಿಟ್ಟು ಸಡಿಲವಾಗುತ್ತದೆ, ಮತ್ತೆ ಮೇಲೇಳುವಾಗ ಅದೇ ಜಾಗಕ್ಕೆ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಗ್ಯಾಸಿನ ಬೆಂಕಿಯಲ್ಲಿ ಕತ್ತರಿಸಿದ್ದರೆ ಉಕ್ಕಿನ ಹದವೂ ಕೆಟ್ಟಿರುತ್ತದೆ. ಇಂಥ ಕಾರಿಗೆ ಅಲೈನ್‌ಮೆಂಟ್ ಮಾಡಿಕೊಡಿ ಎಂದರೆ ನಾನಾದರೆ ಮುಟ್ಟುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ.

ಹಿಂಭಾಗದ ಮಾತು ಬೇಗ ಮುಗಿಯುತ್ತದೆ. ಸ್ವಿಫ್ಟಿನಂಥ ಕಾರುಗಳಿಗೆ ಹಿಂದೆ ಇರುವುದು ಒಂದೇ ಅಡ್ಡ ತೊಲೆ, ಟಾರ್ಷನ್ ಬೀಮ್. ತಗ್ಗಿಸಿದರೂ ಅದರ ಕೋನಗಳು ಹೆಚ್ಚು ಬದಲಾಗುವುದಿಲ್ಲ, ತಿರುಗಿಸಲು ನಟ್ಟೂ ಇಲ್ಲ. ಅಂಕಿ ತಪ್ಪಿದ್ದರೆ ಬೀಮು ಎಲ್ಲೋ ಪೆಟ್ಟು ತಿಂದಿದೆ ಎಂದರ್ಥ. ಹಳೆಯ ಲ್ಯಾನ್ಸರ್‌ನಂಥ ಮಲ್ಟಿಲಿಂಕ್ ಕಾರಾದರೆ ಕಥೆ ಬೇರೆ, ಅಲ್ಲಿ ಹಿಂದಿನ ಟೋ ನೋಡದೆ ಮುಂದಿನದಕ್ಕೆ ಕೈಹಾಕಲೇಬಾರದು. ಈಚಿನ ಕಾರುಗಳಲ್ಲಿ ಇನ್ನೊಂದು ಕೆಲಸ ಸೇರಿಕೊಂಡಿದೆ. ಇಎಸ್‌ಪಿ ಇರುವ ಕಾರಿಗೆ ಸ್ಟೇರಿಂಗಿನ ನೇರ ಎಲ್ಲಿ ಎಂದು ಸೆನ್ಸರಿಗೆ ಸ್ಕ್ಯಾನರ್ ಹಾಕಿ ಮತ್ತೆ ಕಲಿಸಬೇಕಾಗಬಹುದು. ಗಾಜಿನ ಹಿಂದೆ ಕ್ಯಾಮೆರಾ ಇಟ್ಟು ತಾನೇ ಬ್ರೇಕ್ ಹಾಕುವ ಕಾರುಗಳಿಗೆ ಎತ್ತರ ಬದಲಾಯಿತೆಂದರೆ ಕಣ್ಣಿನ ಮಟ್ಟವೇ ಬದಲಾದಂತೆ. ಅಂಥ ಕಾರನ್ನು ತಗ್ಗಿಸುವ ಯೋಚನೆಯೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೇಸ್ತ್ರಿಗಳು ಗೋಡೆ ಕಟ್ಟುವಾಗ ಹಿಡಿಯುವ ತೂಗುಗುಂಡು ಸಾಕು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಗಾಲಿಯ ಪಕ್ಕ ದಾರ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಗಿನ ಅಂಚಿಗೂ ದಾರದಿಂದ ಎಷ್ಟು ದೂರ ಎಂದು ಅಳೆಯಿರಿ. 14 ಇಂಚಿನ ರಿಮ್ಮಿಗೆ ಆರೂವರೆ ಮಿಲಿಮೀಟರ್ ವ್ಯತ್ಯಾಸ ಎಂದರೆ ಒಂದು ಡಿಗ್ರಿ. ಫ್ಲ್ಯಾಟಿನ ಕೆಳಗಿನ ಪಾರ್ಕಿಂಗ್ ಸಮತಟ್ಟು ಎಂದುಕೊಳ್ಳಬೇಡಿ, ನೀರು ಹರಿಯಲೆಂದು ಓರೆ ಕೊಟ್ಟಿರುತ್ತಾರೆ. ಕಾರನ್ನು ಹಿಂದುಮುಂದು ತಿರುಗಿಸಿ ನಿಲ್ಲಿಸಿ ಎರಡು ಸಲ ಅಳೆದು ನಡುವಿನ ಅಂಕಿ ಹಿಡಿಯಿರಿ.

ನಮ್ಮ ಎರಡೂ ಊರುಗಳು ತಗ್ಗಿದ ಕಾರನ್ನು ಬೇರೆ ಬೇರೆ ರೀತಿಯಲ್ಲಿ ಕಾಡುತ್ತವೆ. ಕೊಚ್ಚಿ ಅಂಗೈಯಂತೆ ಸಮತಟ್ಟು, ಮಳೆ ಬಂದರೆ ನೀರು ನಿಲ್ಲುತ್ತದೆ, ನೀರಿನಡಿ ಗುಂಡಿ ಕಾಣುವುದಿಲ್ಲ. ಸ್ವಿಫ್ಟಿಗೆ ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್ ಎಂದುಕೊಳ್ಳಿ. 40 ಕಳೆದರೆ 130. ಕಳೆದುಹೋದ ಆ 40 ಬರೀ ಕೆಳಗಿನ ಜಾಗವಲ್ಲ, ಗಾಲಿ ಮೇಲೇಳಲು ಇದ್ದ ಜಾಗವೂ ಹೌದು. ಗುಂಡಿಗೆ ಬಿದ್ದಾಗ ಸ್ಪ್ರಿಂಗು ಬೇಗ ತಳ ಮುಟ್ಟಿ, ಉಳಿದ ಪೆಟ್ಟು ನೇರವಾಗಿ ರಿಮ್ಮಿಗೆ, ಟೈ ರಾಡಿಗೆ ಹೋಗುತ್ತದೆ. ಒಂದೇ ಪೆಟ್ಟಿಗೆ ಟೋ ಹೋದದ್ದನ್ನು ನೋಡಿದ್ದೇನೆ. ತಿರುವನಂತಪುರ ಗುಡ್ಡಗಳ ಊರು. ಅಲ್ಲಿ ನೀರಿಗಿಂತ ಏರು ಇಳಿವುಗಳ ಕಾಟ, ಮನೆ ಗೇಟಿನ ಕಡಿದಾದ ಏರಿಗೆ ಬಂಪರು ಉಜ್ಜುತ್ತದೆ. ರಸ್ತೆಯ ಹಂಪುಗಳ ಬಗ್ಗೆ ಹೇಳಬೇಕೆಂದರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲದ ದಿಬ್ಬವನ್ನು ತಗ್ಗಿದ ಕಾರೂ ಹೊಟ್ಟೆ ತಾಗಿಸದೆ ದಾಟುತ್ತದೆ. ತಾಗುವುದು ಒಳರಸ್ತೆಗಳಲ್ಲಿ ತೋಚಿದಂತೆ ಕಟ್ಟಿದ ಕಿರಿದಾದ ಹಂಪುಗಳಿಗೆ. ಇನ್ನು ರಸ್ತೆ ನೀರು ಬಸಿಯಲು ಎಡಕ್ಕೆ ಓರೆಯಾಗಿರುವುದರಿಂದ ಯಾವ ಕಾರೂ ಸ್ವಲ್ಪ ಎಡಕ್ಕೆ ಜಾರುತ್ತದೆ. ಅಷ್ಟಕ್ಕೇ ಅಲೈನ್‌ಮೆಂಟಿನವನ ಮೇಲೆ ಜಗಳಕ್ಕೆ ಹೋಗಬೇಡಿ.

ಕೊನೆಯದಾಗಿ ಕಾನೂನು. ಇದನ್ನು ಬಿಟ್ಟು ಮಾತಾಡಿದರೆ ನಿಮಗೆ ದ್ರೋಹ ಮಾಡಿದಂತಾಗುತ್ತದೆ. ವಾಹನವನ್ನು ಮಾರ್ಪಡಿಸುವ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಬಂದದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ. 2019ರ ಜನವರಿ 9ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರ ಮತ್ತು ವಿನೀತ್ ಸರಣ್ ಅವರ ಪೀಠ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ಸ್ವರೂಪದಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿ, ಕೇರಳ ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿತು. ಅದೇ ವರ್ಷ ತಿದ್ದುಪಡಿಯಾದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ‘ಆರ್‌ಸಿಯಲ್ಲಿ ಕಾರಿನ ನೆಲದೆತ್ತರ ಬರೆದಿಲ್ಲವಲ್ಲ’ ಎಂದು ವಾದಿಸುವ ಹುಡುಗರಿದ್ದಾರೆ. ಆ ವಾದವನ್ನು ರಸ್ತೆ ಬದಿಯಲ್ಲಿ ಇನ್ಸ್‌ಪೆಕ್ಟರ ಮುಂದೆ ಹೂಡುವ ಧೈರ್ಯ ನನಗಿಲ್ಲ. ಇಲ್ಲಿನ ಮೋಟಾರು ವಾಹನ ಇಲಾಖೆ ಇಂಥ ವಿಷಯದಲ್ಲಿ ಕಣ್ಣುಮುಚ್ಚಿ ಕೂರುವುದಿಲ್ಲ. 2024ರ ಮೇ ತಿಂಗಳಲ್ಲಿ ಆಲಪ್ಪುಳದಲ್ಲಿ ಕಾರಿನೊಳಗೇ ಈಜುಕೊಳ ಮಾಡಿಕೊಂಡು ಓಡಿಸಿದ ಯೂಟ್ಯೂಬ್ ಮಹಾಶಯನ ಪಾಡು ಏನಾಯಿತೆಂದು ನೀವೂ ಓದಿರುತ್ತೀರಿ. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ತಗ್ಗಿಸಿದ ಸ್ಪ್ರಿಂಗು ಒಳ್ಳೆಯ ನೆಪ.

ನಮ್ಮವರಿಗೆ ಇನ್ನೊಂದು ಗಂಟು ಇದೆ. ಕೆಎ 19, ಕೆಎ 21 ಎಂಬ ನಂಬರು ಹೊತ್ತುಕೊಂಡೇ ವರ್ಷಗಟ್ಟಲೆ ಇಲ್ಲಿ ಓಡಿಸುವವರು ಬಹಳ. ಹೊರರಾಜ್ಯದ ವಾಹನವನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ 47ನೇ ಕಲಮಿನಂತೆ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ತೆರಿಗೆ ಕಟ್ಟಿ, ಕಾರನ್ನು ತೋರಿಸಬೇಕಾಗಿ ಬಂದಾಗ ಅದು ನೆಲ ಕಚ್ಚಿಕೊಂಡು ನಿಂತಿದ್ದರೆ ಕಡತ ಮುಂದೆ ಹೋಗುವುದು ಕಷ್ಟ. 15 ವರ್ಷ ತುಂಬಿ ನೋಂದಣಿ ನವೀಕರಿಸುವಾಗಲೂ ಇದೇ ಪಾಡು.

ಹಾಗಾಗಿ ಕಾಕ್ಕನಾಡಿನ ಮಿತ್ರರಿಗೆ ನನ್ನ ಉತ್ತರ: ಸವೆದ ಎರಡು ಟಯರನ್ನು ಈ ಮಳೆಗಾಲಕ್ಕೆ ಮುಂಚೆ ತೆಗೆಯಿರಿ. ಅವುಗಳ ಮೇಲೆ ಅಲೈನ್‌ಮೆಂಟ್ ಪರೀಕ್ಷಿಸಿದರೂ ಉಪಯೋಗವಿಲ್ಲ, ಓರೆ ಸವೆದ ಟಯರು ತಾನಾಗಿಯೇ ಒಂದು ಕಡೆ ಎಳೆಯುತ್ತದೆ. ಕಂಪನಿಯ ಸ್ಪ್ರಿಂಗುಗಳನ್ನು ಮತ್ತೆ ಹಾಕಿಸಿ, ಬೋಲ್ಟುಗಳನ್ನು ಕಾರು ನೆಲದ ಮೇಲಿರುವಾಗ ಬಿಗಿ ಮಾಡಿಸಿ, ಹರಿದ ಬುಷ್ ಬದಲಿಸಿ, ಕ್ಯಾಂಬರ್ ಕೇಳಿ, ಟೋ ಕೊನೆಗೆ. ಹೆಡ್‌ಲೈಟಿನ ಮಟ್ಟವನ್ನೂ ಅದೇ ದಿನ ನೋಡಿಸಿಬಿಡಿ, ಎತ್ತರ ಬದಲಾದಾಗ ಅದೂ ಬದಲಾಗಿರುತ್ತದೆ. ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಅದೇ ಪಾರ್ಟ್ ನಂಬರಿನ ಹೊಸದನ್ನೇ ಕೊಳ್ಳಿ, ಇನ್ನೊಂದು ಕಾರಿನ ಹಳೆಯದು ಬೇಡ. ಎರಡು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಅಂಗೈ ಸವರಿ ನೋಡಿ, ಏನು ಸಿಕ್ಕಿತೆಂದು ನಮ್ಮ ವಿಳಾಸಕ್ಕೆ ಒಂದು ಸಾಲು ಬರೆಯಿರಿ.